ನಮ್ಮ ಮನೆಯವರ ಮಾತಿನ ಸರ್ವೆ

ಬಿಸಿ ಬನ್ನಿನ ವಾಸನೆ ಬಂದರೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಮೆಟ್ಟಿಲು ನೆನಪಾಗುತ್ತದೆ. ಕಡಿದಾದ, ಹಿಡಿದುಕೊಳ್ಳಲು ಕಂಬಿಯೂ ಇಲ್ಲದ ಮೆಟ್ಟಿಲು. ಹೋದ ತಿಂಗಳು ಮಗಳು ಗಿರಿಜ ನನ್ನ ಹಲ್ಲು ತೋರಿಸಲು ಶಿವಮೊಗ್ಗದ ವಿನೋಬನಗರಕ್ಕೆ ಕರೆದುಕೊಂಡು ಹೋಗಿದ್ದಳು. ತೋರಿಸುವಷ್ಟು ಹಲ್ಲು ಬಾಯಲ್ಲಿ ಉಳಿದಿಲ್ಲ, ಆದರೂ ಹೋದೆ. ಆಟೋ ಇಳಿದ ಕೂಡಲೇ ಅದೇ ವಾಸನೆ. ಬೇಕರಿ ಅಲ್ಲೇ ಇದೆ. ಅದರ ಮೇಲಿನ ಕೋಣೆಯಲ್ಲಿ ಈಗ ಮಕ್ಕಳ ಟ್ಯೂಷನ್ ನಡೆಯುತ್ತದಂತೆ. ಮೆಟ್ಟಿಲಿಗೆ ಕಂಬಿ ಹಾಕಿಸಿದ್ದಾರೆ. ನಮಗೆ ಬೇಕಾಗಿದ್ದಾಗ ಹಾಕಿಸಲಿಲ್ಲ, ಈಗ ಓಡಿ ಹತ್ತುವ ಮಕ್ಕಳಿಗೆ ಹಾಕಿಸಿದ್ದಾರೆ.

"ಅಮ್ಮ, ಇದೇ ಅಲ್ವಾ?" ಅಂದಳು ಗಿರಿಜ.

"ಇದೇ. ಎರಡು ಬನ್ನು ತಗೋ."

"ಹಲ್ಲಿಲ್ದೆ ಹೆಂಗೆ ತಿಂತೀಯ?"

"ಹಾಲಲ್ಲಿ ಅದ್ದಿ ತಿಂತೀನಿ. ನಿನಗ್ಯಾಕೆ ಅದು."

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲದಲ್ಲಿ, ಒಂದು ಚಳಿಗಾಲ ಮತ್ತು ಅರ್ಧ ಬೇಸಿಗೆ, ನಾನು ಆ ಮೆಟ್ಟಿಲನ್ನು ಗಂಡನ ಹಿಂದೆ ಹತ್ತಿದ್ದೇನೆ. ಅವರು ಮುಂದೆ, ನಾನು ಹಿಂದೆ. ಬಿದ್ದರೆ ಇಬ್ಬರೂ ಒಟ್ಟಿಗೆ ಬೀಳಲಿ ಅಂತಲ್ಲ, ಹಿಂದಿನಿಂದ ತಳ್ಳದಿದ್ದರೆ ಅವರು ಹತ್ತುತ್ತಿರಲಿಲ್ಲ.

ಆಗ ನಾವು ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮ ಮನೆಯವರು ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವ ಕಡೆ ಮೇಸ್ತ್ರಿಯಾಗಿದ್ದರು. ರಿಟೈರ್ ಆಗಲು ಇನ್ನು ಸ್ವಲ್ಪವೇ ಬಾಕಿ ಇತ್ತು. ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ, ಗಡ್ಡ ಹೆರೆಯುತ್ತಿದ್ದವರು ಕನ್ನಡಿಯ ಮುಂದೆಯೇ ಕುಸಿದರು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಆಸ್ಪತ್ರೆಯಲ್ಲಿ ಲಕ್ವ ಅಂದರು. ದಿನ ಕಳೆದಂತೆ ಕಾಲು ಅರ್ಧ ವಾಪಸ್ಸು ಬಂತು, ಕೋಲು ಹಿಡಿದು ನಡೆದರು. ಸೊಟ್ಟಗಾಗಿದ್ದ ಬಾಯಿ ನೆಟ್ಟಗಾಯಿತು. ಮಾತು ಬರಲಿಲ್ಲ.

ಬರಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ಮಾತು ಬಂತು. ಅದೊಂದು ಬೈಗುಳ. ಯಾರದೋ ತಾಯಿಗೆ ಸಂಬಂಧಪಟ್ಟದ್ದು, ಇಲ್ಲಿ ಬರೆಯುವುದಿಲ್ಲ. ನೀರು ಬೇಕಾದರೂ ಅದೇ, ಬೇಡವಾದರೂ ಅದೇ. ವಿಭೂತಿ ಕೊಟ್ಟು ಹೋಗಲು ಬಂದ ಐನೋರಿಗೂ ಅದೇ. ಅಂದಮೇಲೆ ತಾವೇ ಗಾಬರಿಯಾಗಿ ಎಡಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅಷ್ಟು ವರ್ಷದ ಸಂಸಾರದಲ್ಲಿ ಮನೆಯೊಳಗೆ ಒಂದು ಸಲವೂ ಆ ಮಾತು ಆಡಿದವರಲ್ಲ. ಎಲ್ಲಿ ಬಚ್ಚಿಟ್ಟುಕೊಂಡಿದ್ದರೋ.

ಜೊತೆಗೆ ಎಡಗೈಯ ಆಟ ಒಂದು. ಮಾತು ಸಿಕ್ಕಿಕೊಂಡಾಗೆಲ್ಲ ಆ ಕೈಯನ್ನು ಗಾಳಿಯಲ್ಲಿ ತಿರುಗಿಸುವುದು, ಮುಷ್ಟಿ ಕಟ್ಟುವುದು, ಅಂಗೈ ಚಪ್ಪಟೆ ಮಾಡಿ ಏನನ್ನೋ ಕತ್ತರಿಸುವುದು. ನೋಡಲು ಬಂದವರು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಅಂಗಳಕ್ಕೆ ಇಳಿದಮೇಲೆ, "ಬುದ್ಧೀನೂ ಹೋಗಿದೆ ಪಾಪ" ಅನ್ನುತ್ತಿದ್ದರು. ನನಗೂ ಅದೇ ಅನುಮಾನ. ಕಾಲು ಹೋದರೆ ಕೋಲು ಕೊಡಬಹುದು. ಒಳಗೆ ಮನುಷ್ಯನೇ ಇಲ್ಲದಿದ್ದರೆ ಏನು ಕೊಡುವುದು?

ಇದೇ ಹೊತ್ತಿಗೆ ಗಿರಿಜಳ ಮದುವೆಯ ಮಾತು ಹತ್ತಿರ ಬಂದಿತ್ತು. ಹುಡುಗ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದ. ಒಳ್ಳೆಯ ಹುಡುಗ. ಹುಡುಗನ ತಂದೆ ಮೊದಲು ಲಾರಿ ಓಡಿಸುತ್ತಿದ್ದವರು, ಆಗ ಹಣೆ ತುಂಬ ವಿಭೂತಿ, ಬಾಯಿ ತೆರೆದರೆ ನೀತಿ. ನಮ್ಮಲ್ಲಿ ವೀಳ್ಯದ ಶಾಸ್ತ್ರದ ದಿನ ಹೆಣ್ಣಿನ ತಂದೆ ಎಲೆ ಅಡಿಕೆ ತಟ್ಟೆ ಮುಂದೆ ಕೂತು, ಹತ್ತು ಜನಕ್ಕೆ ಕೇಳುವಂತೆ "ಕೊಟ್ವಿ" ಅನ್ನಬೇಕು. ಗಂಡಿನ ತಂದೆ "ತಂದ್ವಿ" ಅನ್ನಬೇಕು. ಹೀಗೆ ಮೂರು ಸಲ. ತಂದೆ ಸತ್ತಿದ್ದರೆ ಚಿಕ್ಕಪ್ಪ ಅನ್ನಬಹುದು. ತಂದೆ ಬದುಕಿದ್ದೂ ಚಿಕ್ಕಪ್ಪ ಕೂತರೆ, ಆ ತಂದೆ ಲೆಕ್ಕಕ್ಕಿಲ್ಲ ಅಂತಲೇ ಅರ್ಥ.

ಮೈದುನ ಬಸವರಾಜ ಶಿವಮೊಗ್ಗದ ಹೊಸಮನೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ. ಸಂಬಂಧ ಹುಡುಕಿದ್ದೂ ಅವನೇ, ಆಸ್ಪತ್ರೆಗೆ ಓಡಾಡಿದ್ದೂ ಅವನೇ. ಕೆಟ್ಟವನಲ್ಲ. ಒಂದು ದಿನ ಬಂದು ನೇರವಾಗಿ ಹೇಳಿದ.

"ಅತ್ತಿಗೆ, ಯುಗಾದಿ ಒಳಗೆ ವೀಳ್ಯ ಮಾಡಿ ಮುಗಿಸಾಣ. ಅವತ್ತು ಅಣ್ಣನ್ನ ಒಳಗಿನ ರೂಮಲ್ಲಿ ಮಲಗಿಸಿ ಬಾಗಿಲು ಮುಂದೆ ಮಾಡಿಬಿಡಿ. ತಟ್ಟೆ ಮುಂದೆ ನಾನು ಕೂತ್ಕೋತೀನಿ."

"ಜೀವ ಇರೋ ಮನುಷ್ಯನ್ನ ಗೋಣಿಚೀಲದ ಹಂಗೆ ಒಳಗಿಡೋದಾ?"

"ಬೀಗರ ಮುಂದೆ ಆ ಮಾತು ಬಂದ್ರೆ? 'ಕೊಟ್ವಿ' ಅನ್ನೋ ಜಾಗದಲ್ಲಿ ಅದನ್ನ ಅಂದ್ರೆ? ಹುಡುಗಿ ಗತಿ ಏನು?"

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಮನೆಯವರು ಅಲ್ಲೇ ಮಂಚದ ಮೇಲೆ ಸೂರು ನೋಡುತ್ತಾ ಮಲಗಿದ್ದರು.

ವಿನೋಬನಗರದ ಮೆಟ್ಟಿಲು ಹತ್ತಲು ಶುರು ಮಾಡಿದ್ದು ಆಸ್ಪತ್ರೆಯವರು ಹೇಳಿದ್ದಕ್ಕೆ. ಬೇಕರಿ ಮೇಲಿನ ಕೋಣೆಯಲ್ಲಿ ಸುಮಾ ಅನ್ನುವ ಹೆಣ್ಣುಮಗಳು, ಮಾತು ಹೋದವರಿಗೆ, ತೊದಲುವ ಮಕ್ಕಳಿಗೆ ಮಾತು ಕಲಿಸುತ್ತಿದ್ದಳು. ಎಲ್ಲರೂ ಮಾತಿನ ಡಾಕ್ಟರು ಅನ್ನುತ್ತಿದ್ದರು. "ನಾನು ಡಾಕ್ಟ್ರಲ್ಲಮ್ಮ" ಅಂತ ಅವಳು ದಿನಾ ಹೇಳುತ್ತಿದ್ದಳು, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಗೋಡೆಗೆ ಒಂದು ಕನ್ನಡಿ, ಮೇಜಿನ ಮೇಲೆ ಚಿತ್ರದ ಕಾರ್ಡು. ಆನೆ, ಕೊಡೆ, ಬಾಳೆಹಣ್ಣು. ನಮ್ಮ ಮನೆಯವರು ಅಲ್ಲಿ ಕೂತರೆ ಬೈಗುಳ ಬಂದೀತು ಅಂತ ಬಾಯಿ ಬಿಗಿ ಹಿಡಿದೇ ಇರುತ್ತಿದ್ದರು. ಅವಳು ಜೊತೆಗೆ ಎಣಿಸಿದರೆ ಮಾತ್ರ ಒಂದರಿಂದ ಹತ್ತರವರೆಗೆ ಗಡಗಡ ಓಡುತ್ತಿದ್ದರು. "ಮೂರಕ್ಕೆ ನಿಲ್ಲಿಸಿ" ಅಂದರೆ ನಿಲ್ಲಲು ಆಗುತ್ತಿರಲಿಲ್ಲ. ಬ್ರೇಕಿಲ್ಲದ ಗಾಡಿಯ ಹಾಗೆ.

ಚಳಿಗಾಲ ಮುಗಿಯುತ್ತಾ ಬಂತು. ಬಸ್ಸಿನಲ್ಲಿ ನಿಂತು ನಿಂತು ನನ್ನ ಮಂಡಿ ಹೋಯಿತು. ಇವತ್ತೇ ಕೊನೆ, ಇನ್ನು ಬರುವುದಿಲ್ಲ ಅಂತ ತೀರ್ಮಾನ ಮಾಡಿಕೊಂಡು ಹೋದ ದಿನವೇ ಅಲ್ಲಿ ಸರ್ವೆಯವರು ಬಂದಿದ್ದರು.

ಸರ್ವೆ ಅಂದರೆ ನನಗೆ ಗೊತ್ತಿದ್ದದ್ದು ಹೊಲ ಅಳೆಯುವುದು, ಜನ ಎಣಿಸುವುದು. ಇದು ಬೇರೆ. ಮಾತು ಕಲಿಸುವವರು ಹೇಗೆ ಕಲಿಸುತ್ತಾರೆ, ಯಾವ ಭಾಷೆಯಲ್ಲಿ ಕಲಿಸುತ್ತಾರೆ, ಕಲಿಯಲು ಬಂದವರು ಯಾಕೆ ನಿಲ್ಲಿಸುತ್ತಾರೆ ಅಂತ ಕೇಳಿ ಬರೆದುಕೊಂಡು ಹೋಗುವುದಂತೆ. ಸುಮಾ ಹತ್ತಿರ ಮೊದಲು ಕೇಳಿದರು. ಆಮೇಲೆ ನನ್ನ ಹತ್ತಿರ ಬಂದರು. ಬಂದವಳ ಹೆಸರು ಶಾಲಿನಿ, ಮಾತಿನ ಚಿಕಿತ್ಸೆಯನ್ನೇ ಓದುತ್ತಿದ್ದ ಹುಡುಗಿ, ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಳು.

"ನಿಮಗೆ ಇಷ್ಟ ಇದ್ರೆ ಮಾತ್ರ ಹೇಳಿ ಅಮ್ಮ. ಬೇಡ ಅಂದ್ರೂ ಚಿಕಿತ್ಸೆ ಏನೂ ನಿಲ್ಲಲ್ಲ."

"ಕೇಳು, ಅದೇನು ಕೇಳ್ತೀಯೋ."

"ಪೇಷಂಟ್ ಹೆಸರು?"

ನಮ್ಮಲ್ಲಿ ಗಂಡನ ಹೆಸರು ಹೇಳುವುದಿಲ್ಲ. "ಹೇಳಿದ್ರೆ ಆಯಸ್ಸು ಕಮ್ಮಿ ಆಗುತ್ತೆ ಅಂತಾರೆ. ಇನ್ನೇನು ಕಮ್ಮಿ ಆಗೋದಿದೆ, ಬರ್ಕೊ. ರುದ್ರಪ್ಪ" ಅಂದೆ. ಪಕ್ಕದಲ್ಲಿದ್ದ ನಮ್ಮ ಮನೆಯವರು ತಟ್ಟನೆ ನನ್ನ ಕಡೆ ತಿರುಗಿದರು. ನನ್ನ ಬಾಯಲ್ಲಿ ಅವರ ಹೆಸರು ಕೇಳಿದ್ದು ಅದೇ ಮೊದಲು.

"ಈಗ ಯಾವ ಯಾವ ಪದ ಬರುತ್ತೆ ಅವರಿಗೆ?"

"ಒಂದು ಬರುತ್ತೆ."

"ಯಾವುದು?"

"ನಿನಗೆ ಮದುವೆ ಆಗಿದ್ಯಾ?"

"ಇಲ್ಲಮ್ಮ."

"ಹಂಗಾದ್ರೆ ಬೇಡ ಬಿಡು."

ಸುಮಾ ನಕ್ಕಳು. "ಬೈಗುಳ ಅಂತ ಬರ್ಕೊ ಶಾಲಿನಿ. ನೀವ್ಯಾಕಮ್ಮ ಇಷ್ಟು ದಿನ ನನಗೆ ಹೇಳಿರಲಿಲ್ಲ? ಲಕ್ವ ಆದ ಎಷ್ಟೋ ಜನಕ್ಕೆ ಹಿಂಗೇ ಆಗುತ್ತೆ. ಎಣಿಕೆ, ಹಾಡು, ಬೈಗುಳ ಇವೆಲ್ಲ ಯೋಚನೆ ಮಾಡದೆ ತಾವಾಗೇ ಬರೋವು. ಅವರು ಬೇಕು ಅಂತ ಬೈಯೋದಲ್ಲ."

"ಬುದ್ಧಿ ಕೆಟ್ಟಿದ್ದಕ್ಕಲ್ವಾ?"

"ಅಲ್ಲ."

ಇಷ್ಟು ದಿನ ಬಾಯಿಬಿಟ್ಟು ಕೇಳಲಾಗದೆ ಇದ್ದದ್ದನ್ನು ಕೇಳಿದ್ದಾಯಿತು. ಆದರೂ ನಾನು ಪೂರ್ತಿ ನಂಬಲಿಲ್ಲ. ಒಳ್ಳೆಯ ಹುಡುಗಿ, ಸಮಾಧಾನಕ್ಕೆ ಹೇಳಿರಬಹುದು.

ಶಾಲಿನಿ ಮುಂದಿನದನ್ನು ಓದಿದಳು. "ಮಧ್ಯದಲ್ಲಿ ಬಿಟ್ಟುಬಿಡೋರು ಯಾಕೆ ಬಿಡ್ತಾರೆ ಅಂತ ನಿಮಗೆ ಅನ್ಸುತ್ತೆ?"

"ಬೇರೆಯೋರ ವಿಷಯ ಯಾಕೆ, ನಂದೇ ಹೇಳ್ತೀನಿ. ಇವತ್ತೇ ಕೊನೆ ಅಂತ ಬಂದಿದೀನಿ. ಮೆಟ್ಟಿಲು ಕಡಿದು. ಬಸ್ಸಲ್ಲಿ ಸೀಟು ಕೊಡೋರಿಲ್ಲ. ಇಲ್ಲಿ ಬಂದ್ರೆ ಆನೆ, ಕೊಡೆ, ಬಾಳೆಹಣ್ಣು. ಕರಗಿದ ಕಬ್ಬಿಣದ ಮುಂದೆ ನಿಂತೋರು ಇವರು. ಆನೆ ಕಟ್ಕೊಂಡು ಇವರಿಗೇನಾಗ್ಬೇಕು?"

ಶಾಲಿನಿ ಪೆನ್ನು ಹಿಡಿದು ಸುಮಾ ಮುಖ ನೋಡಿದಳು. ಸುಮಾ ಸಿಟ್ಟಾಗಲಿಲ್ಲ. "ಬರ್ಕೊ, ಹಂಗೇ ಬರ್ಕೊ. ಅದಕ್ಕೇ ಅಲ್ವಾ ನೀನು ಬಂದಿರೋದು" ಅಂದಳು.

"ನಿಲ್ಲಿಸೋಕೆ ಮುಂಚೆ ಒಂದ್ಸಲ ನಿಮ್ಮ ಮನೆಗೆ ಬರ್ಲಾ ಅಮ್ಮ?" ಅಂದಳು ಶಾಲಿನಿ. "ಮನೇಲಿ ಹೆಂಗೆ ಮಾತಾಡ್ತಾರೆ ಅಂತ ನೋಡೋದೂ ಸರ್ವೇಲಿ ಇದೆ."

"ಮಾತೇ ಆಡಲ್ಲ ಅಂದ್ನಲ್ಲ ಮಾರಾಯ್ತಿ."

"ಆಡದೆ ಹೆಂಗಿರ್ತಾರೆ ಅಂತ ನೋಡ್ತೀನಿ."

ಭಾನುವಾರ ಬರುತ್ತೇನೆ ಅಂದಳು, ಬಂದಳು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಬಸವರಾಜನೂ ವೀಳ್ಯದ ದಿನ ಗೊತ್ತುಮಾಡಲು ಸ್ಕೂಟರಿನಲ್ಲಿ ಬಂದಿದ್ದ. ನಮ್ಮ ಮನೆಯವರು ಅಂಗಳದ ಹೊಂಗೆ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಆ ಕಾಲದಲ್ಲಿ ಕ್ವಾರ್ಟರ್ಸಿನ ಸಾಲಿನಲ್ಲಿ ಫೈಲು ಹಿಡಿದವರು ಕಂಡರೆ ಎಲ್ಲರಿಗೂ ಭಯ. ಜನ ಕಡಿಮೆ ಮಾಡುತ್ತಾರಂತೆ, ಮನೆ ಖಾಲಿ ಮಾಡಿಸುತ್ತಾರಂತೆ ಅಂತ ದಿನಕ್ಕೊಂದು ಸುದ್ದಿ. ಶಾಲಿನಿ ಸಾಲಿನ ತುದಿಗೆ ಬರುತ್ತಿದ್ದ ಹಾಗೇ ಬಾಗಿಲುಗಳು ಮುಚ್ಚಿಕೊಂಡವು.

ಒಂದು ಬಾಗಿಲು ಮಾತ್ರ ತೆರೆದುಕೊಂಡಿತು. ಸೆಲ್ವಣ್ಣನದು. ಸೆಲ್ವಣ್ಣ ತಮಿಳಿನವನು, ನಮ್ಮ ಮನೆಯವರ ಜೊತೆಗೇ ಕೆಲಸಕ್ಕೆ ಸೇರಿದವನು, ಕ್ರೇನು ಓಡಿಸುತ್ತಿದ್ದ. ಲಕ್ವ ಹೊಡೆದ ಮೇಲೆ ಎರಡೋ ಮೂರೋ ಸಲ ನೋಡಲು ಬಂದಿದ್ದ. ಬಂದವನು ಸ್ನೇಹಿತನ ಮುಖ ನೋಡಲಾಗದೆ ನನ್ನನ್ನೇ ವಿಚಾರಿಸಿಕೊಂಡು, ಕಣ್ಣು ಒರೆಸಿಕೊಂಡು ಹೋಗುತ್ತಿದ್ದ. ಅವತ್ತು ಬನಿಯನ್ನಿನಲ್ಲೇ ಓಡಿ ಬಂದ. ಈ ಹುಡುಗಿ ಕಾರ್ಖಾನೆಯವರು ಕಳಿಸಿದವಳು, ಕೆಲಸಕ್ಕೆ ಫಿಟ್ಟೋ ಅನ್‌ಫಿಟ್ಟೋ ಅಂತ ನೋಡಲು ಬಂದಿದ್ದಾಳೆ ಅಂತ ಅವನು ತಿಳಿದುಕೊಂಡಿದ್ದ. ಪೂರ್ತಿ ಅನ್‌ಫಿಟ್ ಅಂತ ಬರೆದರೆ ಮಕ್ಕಳಿಗೆ ಕೆಲಸ ಕೊಡುತ್ತಾರೆ ಅನ್ನುವ ಗಾಳಿಸುದ್ದಿ ಅವನ ಕಿವಿಗೆ ಬಿದ್ದಿತ್ತು. ನಮ್ಮ ಗಿರಿಜಳಿಗೆ ಒಂದು ಕೆಲಸ ಆಗಲಿ ಅಂತ ಅವನ ಆಸೆ.

"ಮೇಡಂ, ನಾನ್ ಹೇಳ್ತೀನಿ ಬರ್ಕೊಳ್ಳಿ" ಅಂದ. "ಈ ಮನುಷ್ಯಂಗೆ ಒಂದೂ ಆಗಲ್ಲ. ಬುದ್ಧಿ ಇಲ್ಲ. ಯಾರು ಬಂದ್ರು ಯಾರು ಹೋದ್ರು ತಿಳಿಯಲ್ಲ. ಅನ್ನ ಹಾಕಿ ಕೊಟ್ರೆ ತಟ್ಟೇನೇ ಕಡಿಯಕ್ಕೆ ಹೋಗ್ತಾನೆ. ಕಲ್ಲು ಮೇಡಂ, ಕಲ್ಲು!"

"ಸೆಲ್ವಣ್ಣ, ಏನು ಹೇಳ್ತಿದ್ದೀಯ?" ಅಂದೆ.

"ನೀ ಸುಮ್ನಿರು ತಂಗಚ್ಚಿ" ಅಂತ ನನಗೆ ಕಣ್ಣು ಹೊಡೆದ.

ಬಸವರಾಜ, "ನೋಡಿದ್ರಾ ಅತ್ತಿಗೆ, ಜೊತೇಲಿದ್ದೋರೇ ಹೇಳ್ತಿದ್ದಾರೆ" ಅಂದ. ಶಾಲಿನಿ ಗಾಬರಿಯಿಂದ ಬರೆಯದೆ ನಿಂತಿದ್ದಳು.

ಆಗ ಕುರ್ಚಿಯಿಂದ ಆ ಬೈಗುಳ ಬಂತು. ಪಕ್ಕದ ಸಾಲಿನವರಿಗೂ ಕೇಳುವಷ್ಟು ಜೋರಾಗಿ. ಹಿಂದೆಯೇ ಎಡಗೈ ಮೇಲೆದ್ದಿತು. ಅಂಗೈ ಚಪ್ಪಟೆ ಮಾಡಿ ಗಾಳಿಯನ್ನು ಒಂದು ಸಲ ಅಡ್ಡ ಕತ್ತರಿಸಿತು. ಬೆರಳು ನೆಲ ತೋರಿಸಿ ಸುತ್ತಿತು. ಮುಷ್ಟಿ ಎದೆಯ ಕಡೆ ಎಳೆದುಕೊಂಡಿತು.

ಸೆಲ್ವಣ್ಣನ ಮಾತು ಅರ್ಧಕ್ಕೆ ನಿಂತಿತು. ಅವನ ಎರಡೂ ಕೈ ತಾವಾಗಿಯೇ ಮುಂದೆ ಬಂದು, ಗಾಳಿಯಲ್ಲೇ ಏನನ್ನೋ ಹಿಡಿದು ಹಿಂದಕ್ಕೆಳೆದವು. "ಏಯ್, ನಿನ್ನ ಒಳ್ಳೇದಕ್ಕೇ ಕಣೋ ಹೇಳ್ತಿರೋದು!" ಅಂದ. ನಮ್ಮ ಮನೆಯವರ ಕೈ ಮತ್ತೆ ಗಾಳಿ ಕತ್ತರಿಸಿತು. "ಆಯ್ತಪ್ಪಾ, ನಿಲ್ಲಿಸ್ದೆ! ನಿಲ್ಲಿಸ್ದೆ ಅಂದ್ನಲ್ಲ!" ಅಂದ ಸೆಲ್ವಣ್ಣ.

ಶಾಲಿನಿ ಕೇಳಿದಳು, "ಅವರು ಏನಂದ್ರು ಈಗ?"

"ಏನಂದ? ನಿಲ್ಲಿಸು, ಕೆಳಗಿಳಿ, ಈ ಕಡೆ ಬಾ ಅಂದ. ನಾನು ಕ್ರೇನು ತಪ್ಪು ಕಡೆ ತಿರುಗಿಸ್ದಾಗೆಲ್ಲ ಹಿಂಗೇ ಮಾಡ್ತಾ ಇದ್ದ..."

ಹೇಳುತ್ತಾ ಹೇಳುತ್ತಾ ಅವನಿಗೇ ಹೊಳೆಯಿತು. ಬಾಯಿ ತೆರೆದುಕೊಂಡೇ ಹೊಂಗೆ ಬುಡದಲ್ಲಿ ಕೂತುಬಿಟ್ಟ.

ವಿಷಯ ಇಷ್ಟೇ. ಆ ಶೆಡ್ಡಿನಲ್ಲಿ ಯಂತ್ರಗಳ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಮೇಲೆ ಕ್ರೇನಿನ ಗೂಡಿನಲ್ಲಿ ಸೆಲ್ವಣ್ಣ, ಕರಗಿದ ಕಬ್ಬಿಣದ ದೊಡ್ಡ ಪಾತ್ರೆ ಹಿಡಿದುಕೊಂಡು. ಕೆಳಗೆ ನಮ್ಮ ಮನೆಯವರು, ಕೈಸನ್ನೆ ಮಾಡುತ್ತಾ. ಎತ್ತು, ಇಳಿಸು, ನಿಧಾನ, ಕೊಡು, ಸಾಕು. ಇದು ಕಾರ್ಖಾನೆಯ ಸನ್ನೆ. ಇಬ್ಬರೂ ಸೇರಿ ಕಟ್ಟಿಕೊಂಡಿದ್ದು ಬೇರೆ ಇತ್ತು. ಟೀ ಬಂತು, ಬೀಡಿ ಇದೆಯಾ, ಆಫೀಸರ್ ಬರ್ತಿದ್ದಾನೆ, ನಾಳೆ ರಜ. ಮನೆಯಲ್ಲಿ ನಮಗೆ ಇದೊಂದೂ ಗೊತ್ತಿರಲಿಲ್ಲ. ಕೆಲಸದ ಜಾಗಕ್ಕೆ ಹೆಂಗಸರು ಎಲ್ಲಿ ಹೋಗಬೇಕು?

"ಕೆಲಸದಲ್ಲಿ ಅವನ ಬಾಯಿ ನಾನು ನೋಡೇ ಇಲ್ಲ ತಂಗಚ್ಚಿ" ಅಂದ ಸೆಲ್ವಣ್ಣ. "ಕೈ ಮಾತ್ರ ನೋಡಿರೋದು. ಈಗ ಎಡಗೈಲಿ ಮಾಡ್ತಿದ್ದಾನೆ. ಅಳು ಬರುತ್ತೆ ಅಂತ ನಾನೂ ಸರಿಯಾಗಿ ನೋಡ್ಲಿಲ್ಲ."

"ಇನ್ನೂ ಏನಾದ್ರೂ ಕೇಳಿ ಅವರನ್ನ" ಅಂದಳು ಶಾಲಿನಿ. ಅವಳ ಫೈಲು ನೆಲಕ್ಕೆ ಬಿದ್ದದ್ದು ಅವಳಿಗೇ ಗೊತ್ತಿರಲಿಲ್ಲ.

ಕೇಳುವ ಮೊದಲೇ ನಮ್ಮ ಮನೆಯವರು ಗದ್ದದಿಂದ ಬಸವರಾಜನನ್ನು ತೋರಿಸಿ, ಎರಡು ಬೆರಳನ್ನು ಭುಜದ ಮೇಲೆ ತಟ್ಟಿಕೊಂಡರು. ಸೆಲ್ವಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನಂತೆ?" ಅಂದ ಬಸವರಾಜ.

"ಆಫೀಸರ್ ಬಂದಿದ್ದಾನೆ, ಹುಷಾರು ಅಂತಾನೆ."

"ಯಾರು, ನಾನಾ?"

ಜೊತೆಗೇ ನಗುತ್ತಿದ್ದ ನಮ್ಮ ಮನೆಯವರು ಆಮೇಲೆ ನಗು ನಿಲ್ಲಿಸಿದರು. ಬಾಗಿಲಲ್ಲಿ ನಿಂತಿದ್ದ ಗಿರಿಜಳನ್ನು ತೋರಿಸಿದರು. ಕೈಯನ್ನು ಪಾತ್ರೆ ಬಗ್ಗಿಸಿದ ಹಾಗೆ ನಿಧಾನವಾಗಿ ಮುಂದಕ್ಕೆ ಬಾಗಿಸಿ, ಅಂಗೈ ತೆರೆದರು. ಕೊನೆಗೆ ಆ ಅಂಗೈಯಿಂದಲೇ ತಮ್ಮ ಎದೆ ತಟ್ಟಿಕೊಂಡರು. ಇದಕ್ಕೆ ಸೆಲ್ವಣ್ಣನಿಗೂ ಒಂದು ಗಳಿಗೆ ಬೇಕಾಯಿತು.

"ಅದು 'ಕೊಡು' ಅನ್ನೋ ಸನ್ನೆ. ಕಬ್ಬಿಣ ಅಚ್ಚಿಗೆ ಹೊಯ್ಯೋಕೆ ಮಾಡ್ತಿದ್ದ" ಅಂದ. "ಈಗ... ಮಗಳನ್ನ ನಾನೇ ಕೊಡ್ತೀನಿ ಅಂತಿದ್ದಾನೆ."

ಅಂದರೆ ಮಂಚದ ಮೇಲೆ ಮಲಗಿ ಎಲ್ಲ ಕೇಳಿಸಿಕೊಂಡಿದ್ದರು. ಒಳಗಿನ ರೂಮು, ಮುಂದೆ ಮಾಡಿದ ಬಾಗಿಲು, ಎಲ್ಲ. ನಾನು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ. ನೀರು ಕುದಿದು ಬತ್ತುವವರೆಗೂ ಅಲ್ಲೇ ನಿಂತಿದ್ದೆ. ಅಳಲಿಲ್ಲ. ತಲೆಯ ಮೇಲಿದ್ದ ಹೊರೆ ಇಳಿಸಿದ ಮೇಲೆ ಕತ್ತು ಸ್ವಲ್ಪ ಹೊತ್ತು ಹಾಗೇ ಇರುತ್ತದಲ್ಲ, ಅಷ್ಟೇ. ಮನುಷ್ಯ ಒಳಗಿದ್ದಾನೆ. ಎಲ್ಲೂ ಹೋಗಿಲ್ಲ. ಇನ್ನು ಮಾತು ಬಂದರೆಷ್ಟು, ಬಿಟ್ಟರೆಷ್ಟು ಅನ್ನಿಸಿತು.

ಬಸವರಾಜನಿಗೆ ಹಾಗನ್ನಿಸಲಿಲ್ಲ. ಕಾಫಿ ಕುಡಿಯುತ್ತಾ, "ಅಣ್ಣನಿಗೆ ಬುದ್ಧಿ ಇದೆ, ಒಪ್ಕೊಂಡೆ. ನಾನೂ ತಪ್ಪು ತಿಳ್ಕೊಂಡಿದ್ದೆ" ಅಂದ. "ಆದ್ರೆ ಬೀಗರಿಗೆ ಕ್ರೇನು ಭಾಷೆ ಬರಲ್ಲ ಅತ್ತಿಗೆ. ಬಾಯಲ್ಲಿ 'ಕೊಟ್ವಿ' ಅನ್ನಲಿ, ಚಾಪೆ ನಾನೇ ಹಾಸ್ತೀನಿ. ಅನ್ನದಿದ್ರೆ ನಾನು ಕೂರೋದೇ."

ಹೋಗುವುದು ನಿಲ್ಲಿಸುತ್ತೇನೆ ಅಂದವಳು ಮರುದಿನವೇ ಮತ್ತೆ ಬಸ್ಸು ಹತ್ತಿದೆ. ಈ ಸಲ ಸೆಲ್ವಣ್ಣನೂ ಜೊತೆಗೆ. ನಡೆದದ್ದನ್ನೆಲ್ಲ ಶಾಲಿನಿ ಆಗಲೇ ಸುಮಾಗೆ ಹೇಳಿದ್ದಳು. ಆನೆ, ಕೊಡೆ, ಬಾಳೆಹಣ್ಣು ಎಲ್ಲ ಡ್ರಾಯರಿನೊಳಗೆ ಹೋಗಿದ್ದವು.

"ಅವರು ಸನ್ನೆ ಮಾಡಿದ್ರೆ ಕ್ರೇನಲ್ಲಿ ನೀವು ಏನು ಮಾಡ್ತಿದ್ರಿ?" ಅಂತ ಸುಮಾ ಸೆಲ್ವಣ್ಣನನ್ನು ಕೇಳಿದಳು.

"ಮೊದ್ಲು ನಾನು ಗಂಟೆ ಹೊಡೀತೀನಿ ಮೇಡಂ. ಟಣ್ ಟಣ್. ನಾನು ರೆಡಿ ಅಂತ. ಆಮೇಲೆ ಅವನು ಕೈ ಕೊಡ್ತಾನೆ."

ಸುಮಾ ಎದ್ದು ಹೋಗಿ ಒಂದು ಸ್ಟೀಲ್ ಲೋಟ, ಚಮಚ ತಂದು ಅವನ ಕೈಗೆ ಕೊಟ್ಟಳು. ಅಂದಿನಿಂದ ಆ ಕೋಣೆ ಶೆಡ್ಡಾಯಿತು. ಆ ತುದಿಯಲ್ಲಿ ಸೆಲ್ವಣ್ಣ ಟಣ್ ಟಣ್ ಅನ್ನಿಸಬೇಕು. ಈ ತುದಿಯಲ್ಲಿ ನಮ್ಮ ಮನೆಯವರು ಕೈ ಬಾಗಿಸಬೇಕು. ಕೈ ಬಾಗುವಾಗ ಸುಮಾ ಕಿವಿಯ ಹತ್ತಿರ "ಕೊಡು" ಅನ್ನಬೇಕು. ಮೊದಮೊದಲು ಬೈಗುಳವೇ ಬಂತು. ಸೆಲ್ವಣ್ಣನೂ ಬಿಡದೆ ವಾಪಸ್ಸು ತಮಿಳಿನಲ್ಲಿ ಬೈದ. ಕೆಳಗಿನ ಬೇಕರಿಯವನು ಹತ್ತಿ ಬಂದು ಏನು ಗಲಾಟೆ ಅಂತ ಕೇಳಿದ. ಆಮೇಲೆ ಒಂದು ದಿನ "ಕೊ" ಬಂತು. ಆಮೇಲೆ "ಕೊಡು". ಬಸ್ಸಿನಲ್ಲಿ ಮಾಚೇನಹಳ್ಳಿ ದಾಟುವಾಗ ಲೇತಿನ ಸದ್ದು ಕೇಳಿದರೂ ಕೈ ಬಾಗಿಸಿ "ಕೊಡು" ಅನ್ನುತ್ತಿದ್ದರು. ಕಂಡಕ್ಟರ್ ಗಾಬರಿಯಾಗಿ, "ಚಿಲ್ಲರೆ ಕೊಟ್ನಲ್ಲ ಯಜಮಾನ್ರೇ" ಅಂದ. "ಕೊಡು" ಬಂದರೂ "ಕೊಟ್ವಿ" ಅನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಹತ್ತರಲ್ಲಿ ಒಂದು ಸಲ ಬಂದರೆ ಆಯಿತು. ಅಷ್ಟರಲ್ಲಿ ವೀಳ್ಯದ ದಿನವೇ ಬಂತು.

ಬಸವರಾಜ ಚಾಪೆ ಹಾಸಿದ. ಹಾಸಿದ್ದು ಇಬ್ಬರಿಗೆ. ಅಣ್ಣನ ಪಕ್ಕದಲ್ಲಿ ತಾನೂ ಕೂತ. ಅಣ್ಣನ ಮಾತು ತಡೆದರೆ ತಾನು ಹೇಳಿಬಿಡುವುದು ಅಂತ. ಹುಡುಗನ ಕಡೆಯವರು ತುಂಬಿ ಕೂತಿದ್ದರು. ಐನೋರು ಮಂತ್ರ ಮುಗಿಸಿ ತಟ್ಟೆ ಮುಂದಕ್ಕೆ ಸರಿಸಿದರು. "ಹೆಣ್ಣಿನೋರು ಹೇಳ್ರಪ್ಪ" ಅಂದರು.

ನಮ್ಮ ಮನೆಯವರು ಬಾಯಿ ತೆರೆದರು. ಏನೂ ಬರಲಿಲ್ಲ. ಕತ್ತಿನ ನರ ಉಬ್ಬಿತು. ತುಟಿ ಕೂಡಿತು. ಆ ತುಟಿ ಕೂಡುವ ರೀತಿ ನನಗೆ ಗೊತ್ತು, ಅಲ್ಲಿಂದ ಹೊರಡುವುದು ಒಂದೇ ಮಾತು. ನಾನು ಶಿವಾ ಅಂತ ಕಣ್ಣು ಮುಚ್ಚಿದೆ. ಬಸವರಾಜ ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು.

ಟಣ್ ಟಣ್.

ಬಾಗಿಲ ಹೊರಗೆ, ಚಪ್ಪಲಿ ರಾಶಿಯ ನಡುವೆ ನಿಂತು ಸೆಲ್ವಣ್ಣ ಪಾನಕದ ಲೋಟಕ್ಕೆ ತನ್ನ ಬೀಗದ ಕೈಯಿಂದ ಹೊಡೆದಿದ್ದ. ಜನ ತಿರುಗಿ ನೋಡಿದರು. ನಾನು ಕಣ್ಣು ಬಿಟ್ಟೆ. ನಮ್ಮ ಮನೆಯವರ ಎಡಗೈ ಎದ್ದಿತ್ತು. ನಿಧಾನವಾಗಿ ತಟ್ಟೆಯ ಮೇಲೆ ಬಾಗಿತು. ಅಂಗೈ ತೆರೆಯಿತು.

"ಕೊಟ್ವಿ" ಅಂದರು.

ಎದುರಿನವರು "ತಂದ್ವಿ" ಅಂದರು. ಮತ್ತೆ ಟಣ್ ಟಣ್. "ಕೊಟ್ವಿ." ಮೂರನೆಯದಕ್ಕೆ ಗಂಟೆಯೇ ಬೇಕಾಗಲಿಲ್ಲ. ಬಸವರಾಜ ಯಾವಾಗ ಚಾಪೆಯಿಂದ ಎದ್ದು ಹಿಂದೆ ಸರಿದನೋ ನಾನು ನೋಡಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ನಮ್ಮ ಮನೆಯವರು ಬಾಗಿಲ ಕಡೆ ತಿರುಗಿ, ಸೆಲ್ವಣ್ಣನನ್ನು ನೋಡಿ, ಮುಖ ತುಂಬ ನಗುತ್ತಾ, ಆ ಬೈಗುಳ ಅಂದರು. ಒಂದಕ್ಷರ ತಪ್ಪದೆ, ತುಂಬಿದ ಸಭೆಯಲ್ಲಿ.

ಹುಡುಗನ ತಂದೆ ವಿಭೂತಿ ಹಣೆಯನ್ನು ಎತ್ತಿ ನಮ್ಮವರನ್ನು ನೋಡಿದರು, ಬಾಗಿಲ ಕಡೆ ನೋಡಿದರು. ಆಮೇಲೆ ಅವರ ಹೊಟ್ಟೆ ಅಲುಗಾಡಿತು.

"ಲಾರಿ ಬಿಟ್ಟ ಮೇಲೆ ಇಷ್ಟು ನೀಟಾಗಿ ಇದನ್ನ ಯಾರೂ ಅಂದಿದ್ದು ಕೇಳಿರಲಿಲ್ಲ ಬೀಗ್ರೇ" ಅಂದರು. "ಐನೋರೇ, ಎಲೆ ಅಡಿಕೆ ಹಂಚ್ರಿ."

ಸರ್ವೆಗೆ ಇನ್ನೊಂದು ಸಲ ಕೂರಬೇಕಿತ್ತು. ಯುಗಾದಿ ಕಳೆದ ಮೇಲೆ ಶಾಲಿನಿ ಮತ್ತೆ ಬಂದಳು, ಅದೇ ಬೇಕರಿ ಮೇಲಿನ ಕೋಣೆಗೆ. ಕೊನೆಯ ಪ್ರಶ್ನೆ ಓದಿದಳು.

"ಚಿಕಿತ್ಸೆಯಿಂದ ಎಷ್ಟು ಗುಣ ಆಗಿದೆ ಅಮ್ಮ? ಪೂರ್ತಿ, ಅರ್ಧ, ಸ್ವಲ್ಪ, ಏನೂ ಇಲ್ಲ. ಇದರಲ್ಲಿ ಒಂದು ಹೇಳಿ."

"ಬೇಕಾದಷ್ಟು."

"ಅದು ಇಲ್ಲಿ ಇಲ್ಲಮ್ಮ."

"ಇಲ್ದಿದ್ರೆ ಬರ್ಕೊ. ಪೆನ್ನು ನಿನ್ನ ಕೈಲೇ ಇದ್ಯಲ್ಲ."

ಅವಳು ಸುಮಾ ಮುಖ ನೋಡಿದಳು, ಬರೆದುಕೊಂಡಳು. ಅದನ್ನು ಯಾರು ಓದಿದರೋ, ಯಾವ ಪುಸ್ತಕಕ್ಕೆ ಹೋಯಿತೋ ನನಗೆ ತಿಳಿಯದು. ಆಮೇಲೂ ನಮ್ಮ ಮನೆಯವರಿಗೆ ಬೆರಳೆಣಿಕೆಯ ಮಾತೇ ಬಂದದ್ದು. ಕೊಡು, ಸಾಕು, ಬಾ, ಮತ್ತೆ ಅದು. ಅಷ್ಟರಲ್ಲೇ ಮೊಮ್ಮಗನನ್ನೂ ಆಡಿಸಿದರು, ನನ್ನ ಜೊತೆ ಜಗಳವನ್ನೂ ಆಡಿದರು, ಹೋಗುವ ಕಾಲಕ್ಕೆ ಹೋದರು.

ಅವತ್ತು ಶಾಲಿನಿಗೆ ಉತ್ತರ ಹೇಳಿ ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ಅವರು ಸೆಲ್ವಣ್ಣನ ಭುಜ ಹಿಡಿದು ಕೆಳಗೆ ತಲುಪಿದ್ದರು. ಅಷ್ಟು ತಿಂಗಳು ಆ ಬೇಕರಿ ಮುಂದೆ ಹಾದಾಗೆಲ್ಲ ನಾನೇ ಬನ್ನು ಕೇಳಿ ನಾನೇ ಕೊಡಿಸುತ್ತಿದ್ದೆ. ಅವತ್ತು ಅವರೇ ಹೋಗಿ ಗಾಜಿನ ಕಪಾಟನ್ನು ಉಂಗುರದಿಂದ ಎರಡು ಸಲ ತಟ್ಟಿದರು.

"ಕೊಡು" ಅಂದರು.

"ಎಷ್ಟು ಯಜಮಾನ್ರೇ?" ಅಂದ ಬೇಕರಿಯವನು.

ಅದಕ್ಕೆ ಮಾತಿರಲಿಲ್ಲ. ಮೂರು ಬೆರಳು ತೋರಿಸಿದರು. ಆಮೇಲೆ ತಿರುಗಿ, ಮೆಟ್ಟಿಲ ಮೇಲೆ ನಾನು ಎಲ್ಲಿದ್ದೇನೆ ಅಂತ ನೋಡಿದರು.